ಕಾಗದಕ್ಕೆಂದು ಮಾಡಿದ ಗುಂಡು

ಆ ಜಿಂಕೆ ಗಾಯಗೊಂಡು ಓಡಿಹೋದದ್ದಕ್ಕೆ ವಿಕ್ಟರ್ ಅಂಕಲ್ ಅವರ ಕೈ ಕಾರಣವಲ್ಲ. ನಾನು ಮಾಡಿಕೊಟ್ಟ ಗುಂಡು ಕಾರಣ. ಇದು ನನಗೆ ಅವತ್ತೇ ಗೊತ್ತಿತ್ತು, ಅನುಮಾನವಾಗಿ ಅಲ್ಲ, ಕಣ್ಣಾರೆ ಕಂಡು ಗೊತ್ತಿತ್ತು. ಆದರೂ ಅವರ ಕೈ ನಡುಗಿತಲ್ಲವೇ ಎಂದು ಅವರ ಮಗ ಕೇಳಿದಾಗ ನಾನು ಇಲ್ಲವೆನ್ನಲಿಲ್ಲ. ಇಲ್ಲವೆನ್ನಲಿಲ್ಲ ಎಂದು ಬರೆದರೆ ಅದೂ ಅರ್ಧ ಸುಳ್ಳು. ಹೌದು, ನಡುಗಿದ್ದನ್ನು ನಾನೇ ನೋಡಿದೆ — ಎಂದೆ.

ಇದನ್ನು ಬರೆಯಲು ಕೂತಾಗಿನಿಂದ ಎಷ್ಟು ಸಲ ಎದ್ದೆನೋ. ಒಮ್ಮೆ ಚಹಾಕ್ಕೆ, ಒಮ್ಮೆ ಗ್ಯಾರೇಜಿನ ಬಾಗಿಲು ಹಾಕಿದೆಯೋ ಇಲ್ಲವೋ ನೋಡಲಿಕ್ಕೆ, ಒಮ್ಮೆ ಸುಮ್ಮನೆ. ಇವತ್ತು ಯಾಕೆ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದೀರಿ ಎಂದು ಹೆಂಡತಿ ಶೈಲಾ ಕೇಳಿದಳು. ಅವಳಿಗೂ ಹೇಳಿಲ್ಲ ಇನ್ನೂ. ಅವಳಿಗೆ ಹೇಳುವುದು ಇನ್ನೂ ಕಷ್ಟ, ಯಾಕೆಂದರೆ ಈ ಸುಳ್ಳು ಹುಟ್ಟಿದ್ದೇ ಅವಳಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ನನ್ನ ಜಾಣತನದಿಂದ.

ವಿಕ್ಟರ್ ಅಂಕಲ್ ಮಂಗಳೂರು ಕಡೆಯ ಕ್ರೈಸ್ತರು. ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಸೇತುವೆಗಳನ್ನು ತಪಾಸಣೆ ಮಾಡುವ ಎಂಜಿನಿಯರ್ ಆಗಿ ನಿವೃತ್ತರಾದವರು. ಫ್ಲೋರಲ್ ಪಾರ್ಕಿನಲ್ಲಿ, ಕ್ವೀನ್ಸ್ ಮುಗಿದು ನಸ್ಸೌ ಜಿಲ್ಲೆ ಶುರುವಾಗುವ ಗೆರೆಯ ಆಚೆ ಬದಿಗೆ ಅವರ ಮನೆ. ಈ ಮಾತು ನಡೆದಾಗ ಅವರಿಗೆ ಎಪ್ಪತ್ತು ದಾಟಿತ್ತು, ಆದರೆ ಹಿಲ್‌ಸೈಡ್ ಅವೆನ್ಯೂ ಸುತ್ತಮುತ್ತಲಿನ ನಮ್ಮ ಕಡೆಯ ವಯಸ್ಸಾದವರಿಗೆಲ್ಲ ಅವರೇ ಸಾರಥಿ. ಯಾರದೋ ಕಣ್ಣಿನ ಆಪರೇಷನ್, ಯಾರದೋ ಡಯಾಲಿಸಿಸ್, ಊರಿಂದ ಬರುವ ಯಾರದೋ ತಂಗಿಯನ್ನು ಏರ್‌ಪೋರ್ಟಿನಿಂದ ಕರೆತರುವುದು... ಎಲ್ಲದಕ್ಕೂ ಅವರ ಹಳೆಯ ನೀಲಿ ವ್ಯಾನು. ಮಗ ರೋಶನ್ ಹೋಬೋಕನ್‌ನಲ್ಲಿದ್ದಾನೆ, ಈ ದೇಶದಲ್ಲೇ ಹುಟ್ಟಿದವನು. ಊಬರ್ ಇರುವಾಗ ಅಪ್ಪ ಯಾಕೆ ಹೀಗೆ ಓಡಾಡಬೇಕು ಎಂದು ಅವನಿಗೆ ಅರ್ಥವಾಗುತ್ತಿರಲಿಲ್ಲ. ಅಂಕಲ್‌ಗೆ ಆ ಓಡಾಟವೇ ಉಸಿರು.

ಇನ್ನೊಂದು ಉಸಿರು ಶಿಕಾರಿ. ಚಿಕ್ಕಂದಿನಲ್ಲಿ ಮಾವನ ಜೊತೆ ಕಾಡುಹಂದಿಯ ಹಿಂದೆ ಹೋಗುತ್ತಿದ್ದವರು, ಇಲ್ಲಿಗೆ ಬಂದ ಮೇಲೆ ಪ್ರತಿ ನವೆಂಬರಿನಲ್ಲಿ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆ ಡೇಲ್ ಎಂಬ ರೈತನ ಜಮೀನಿಗೆ ಹೋಗುವರು. ಒಂದು ಜಿಂಕೆ, ಹೆಚ್ಚಿಲ್ಲ. ಅದನ್ನು ತಂದರೆ ಅವರ ಹೆಂಡತಿ, ನಮ್ಮೆಲ್ಲರ ಆಂಟಿ, ಸುಕ್ಕಾ ಮಾಡಿ ಹಂಚುತ್ತಿದ್ದರು, ನಮ್ಮ ಮನೆಯೊಂದನ್ನು ಬಿಟ್ಟು.

ನಾನು ಶಿವಾನಂದ, ಗದಗಿನವನು. ಲಿಂಗವಂತರ ಮನೆತನ, ತತ್ತಿಯನ್ನೂ ಒಳಗೆ ತರದವರು. ಕ್ರ್ಯಾನ್‌ಬರಿ ಎಂಬ ಊರಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಗುಳಿಗೆಯಲ್ಲಿ ಇರಬೇಕಾದದ್ದು ಇರಬೇಕಾದಷ್ಟೇ ಇದೆಯೇ ಎಂದು ತೂಗಿ ನೋಡುವವನು. ಸಹೋದ್ಯೋಗಿಯೊಬ್ಬ ಒಂದು ಶನಿವಾರ ಗುರಿ ಹೊಡೆಯುವ ರೇಂಜಿಗೆ ಕರೆದೊಯ್ದ. ಕಿವಿ ಮುಚ್ಚಿಕೊಂಡು, ಉಸಿರು ಬಿಗಿಹಿಡಿದು, ದೂರದ ಕಾಗದದ ನಡುವಿನ ಕಪ್ಪು ಚುಕ್ಕೆಗೆ ಹೊಡೆಯುವುದು — ಆಹಾ, ಅದರ ಹುಚ್ಚು ನನಗೆ ಹತ್ತಿದ್ದು ಹೇಗೆಂದು ಹೇಳಲಾರೆ. ವರ್ಷ ತುಂಬುವುದರೊಳಗೆ ರೈಫಲ್ ಬಂತು. ಅಂಗಡಿಯ ಕಾಡತೂಸು ಸಾಲದೆನಿಸಿತು. ಬೇಸ್‌ಮೆಂಟಿನಲ್ಲಿ ಮೇಜು ಹಾಕಿ, ಹಿತ್ತಾಳೆಯ ಖಾಲಿ ಕೊಳವೆಗೆ ನಾನೇ ಮದ್ದು ತೂಗಿ ತುಂಬಿ, ಮೇಲೆ ಗುಂಡು ಕೂರಿಸಿ, ನನ್ನ ಕಾಡತೂಸು ನಾನೇ ಮಾಡಿಕೊಳ್ಳಲಾರಂಭಿಸಿದೆ.

ಶೈಲಾ ಮೊದಲ ದಿನವೇ ಒಂದು ಷರತ್ತು ಹಾಕಿದ್ದಳು. ‘ಕಾಗದಕ್ಕಷ್ಟ. ಜೀವಕ್ಕಲ್ಲ.’ ನಾನು ಕೊರಳಿನ ಲಿಂಗ ಮುಟ್ಟಿ ಹೂಂ ಅಂದಿದ್ದೆ.

ಇಲ್ಲಿ ಒಂದು ಮಾತನ್ನು ತಿಳಿಸಿ ಹೇಳಬೇಕು. ಗುಂಡುಗಳಲ್ಲಿ ಎರಡು ಜಾತಿ. ಒಂದು ಗುರಿಗೆ ಮಾಡಿದ್ದು. ಅದರ ಕೆಲಸ ಹೋಗಬೇಕಾದ ಕಡೆಗೆ ಕೂದಲೆಳೆಯಷ್ಟೂ ತಪ್ಪದೆ ಹೋಗಿ ಕಾಗದದಲ್ಲಿ ತೂತು ಮಾಡುವುದು. ಅಲ್ಲಿಗೆ ಅದರ ಬದುಕು ಮುಗಿಯಿತು, ಆಮೇಲೆ ಅದು ಏನಾದರೂ ಯಾರಿಗೂ ಚಿಂತೆಯಿಲ್ಲ. ಇನ್ನೊಂದು ಬೇಟೆಗೆ ಮಾಡಿದ್ದು. ಅದರ ನಿಜವಾದ ಕೆಲಸ ಶುರುವಾಗುವುದೇ ತಗುಲಿದ ಮೇಲೆ. ಮೆತ್ತನೆಯ ಸೀಸದ ಮೂತಿ ಒಳಗೆ ಹೋಗುತ್ತ ಅಣಬೆಯ ಹಾಗೆ ಅರಳಿ, ಚೂರಾಗದೆ, ಆಳಕ್ಕಿಳಿದು, ಪ್ರಾಣಿಯನ್ನು ಬೇಗ ಕೆಡವಬೇಕು. ಬೇಗ — ಅದೇ ಮುಖ್ಯ. ಗುರಿಯ ಗುಂಡಿನ ಹೊರಕವಚ ತೆಳು. ಎಲುಬಿಗೆ ತಾಗಿದರೆ ಮೇಲ್ಮೈಯಲ್ಲೇ ಪುಡಿಯಾಗಬಹುದು, ಇಲ್ಲವೇ ಸೂಜಿಯಂತೆ ತೂರಿ ಆಚೆ ಹೋಗಬಹುದು. ಏನಾಗುತ್ತದೆಂದು ಹೇಳಲು ಬರುವುದಿಲ್ಲ. ಪ್ರಾಣಿಗಳಿಗೆ ಬಳಸಬೇಡಿ ಎಂದು ಡಬ್ಬಿಯ ಮೇಲೆಯೇ ಬರೆದಿರುತ್ತದೆ. ನನ್ನ ಡಬ್ಬಿಯ ಮೇಲೂ ಬರೆದಿತ್ತು. ಓದಿದ್ದೆ. ಡಬ್ಬಿಯ ಮೇಲಿನ ಬರಹವನ್ನು ಓದುವುದೇ ನನ್ನ ಹೊಟ್ಟೆಪಾಡು.

ಕೊರೊನಾ ಕಾಯಿಲೆಯ ಕಾಲದ ಹಿಂದುಮುಂದಿನ ವರ್ಷಗಳಲ್ಲಿ ಅಂಗಡಿಗಳಲ್ಲಿ ಕಾಡತೂಸು ಸಿಗದೆ ಕಪಾಟುಗಳೆಲ್ಲ ಬೋಳಾಗಿದ್ದವು. ಅಂಕಲ್ ಬಳಸುತ್ತಿದ್ದದ್ದು ಎಲ್ಲೂ ಇರಲಿಲ್ಲ. ಬೇಸಿಗೆಯಲ್ಲಿ ನಮ್ಮವರ ಪಿಕ್ನಿಕ್ಕಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, ನೀನು ಮನೆಯಲ್ಲಿಯೇ ಮಾಡುತ್ತೀಯಂತಲ್ಲ, ನನಗೂ ಸ್ವಲ್ಪ ಮಾಡಿಕೊಡು ಎಂದರು. ಅವರ ರೈಫಲ್ಲಿಗೂ ನನ್ನದಕ್ಕೂ ಒಂದೇ ಅಳತೆ. ಯಾರೋ ಗೆಳೆಯನಿಂದ ಬೇಟೆಯ ಗುಂಡಿನ ಡಬ್ಬಿಯೊಂದನ್ನು ಸಂಪಾದಿಸಿದ್ದರು. ಬರೀ ಗುಂಡು, ಮದ್ದು ತುಂಬುವುದು ನನ್ನ ಪಾಲಿಗೆ. ನಾನು ಒಪ್ಪಿದೆ. ಒಪ್ಪುವಾಗ ಒಳಗೆ ಹಿಗ್ಗು. ಇಷ್ಟು ವರ್ಷದ ಶಿಕಾರಿಯವರು ನನ್ನ ಕೈಕೆಲಸ ಕೇಳುತ್ತಿದ್ದಾರೆ!

ಆ ಡಬ್ಬಿಯ ಮೇಲೆ ಒಂದು ಜಿಂಕೆಯ ಚಿತ್ರವಿತ್ತು. ಕಿವಿ ನಿಮಿರಿಸಿ ನಿಂತ ಜಿಂಕೆ. ಮನೆಯೊಳಗೆ ಒಯ್ಯಲು ಮನಸ್ಸಾಗಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ, ಹಿಮ ತೆಗೆಯುವ ಸಲಿಕೆಯ ಹಿಂದೆ ಇಟ್ಟೆ. ಎಷ್ಟೋ ದಿನ ಹಾಗೇ ಇತ್ತು. ಬೇಸ್‌ಮೆಂಟಿನ ಮೇಲೆ ಸರಿಯಾಗಿ ನಮ್ಮ ಪೂಜೆಯ ಕೋಣೆ. ಕೆಳಗೆ ಕೂತು ಕೊಲ್ಲಲೆಂದೇ ಮಾಡಿದ ಗುಂಡಿಗೆ ಮದ್ದು ತುಂಬುವುದು, ಬೆಳಿಗ್ಗೆ ಮೇಲೆ ಕೂತು ಲಿಂಗಪೂಜೆ ಮಾಡುವುದು... ನೀವು ನಗಬಹುದು. ಕೊನೆಗೆ ಒಂದಿಷ್ಟು ತುಂಬಿ ರೇಂಜಿಗೆ ಒಯ್ದು ಹೊಡೆದು ನೋಡಿದೆ. ತೂತುಗಳು ಹಸ್ತದಗಲ ಚದುರಿದವು. ಜಿಂಕೆಗೆ ಅಷ್ಟು ಸಾಕು, ಧಾರಾಳವಾಗಿ ಸಾಕು. ಆದರೆ ಅದನ್ನು ನನ್ನ ಕೆಲಸವೆಂದು ಅಂಕಲ್‌ಗೆ ಕೊಡಲು ನನಗೆ ನಾಚಿಕೆ. ನನ್ನ ಗುರಿಯ ಗುಂಡು ಹಾಕಿ ಹೊಡೆದೆ — ಒಂದರ ಮೇಲೊಂದು, ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ.

ಅವತ್ತೇ ನಿರ್ಧಾರವಾಯಿತು. ಇಷ್ಟು ನಿಖರವಾದ ಗುಂಡು ತಗುಲಬೇಕಾದಲ್ಲಿ ತಗುಲಿದರೆ ಪ್ರಾಣಿ ಬೀಳದೆ ಏನು ಮಾಡೀತು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅದರ ಕೆಳಗೆ ಇನ್ನೊಂದಿತ್ತು, ಅದನ್ನು ಈಗ ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಗುರಿಯ ಗುಂಡು ಕೊಟ್ಟರೆ — ನಾನು ಕೊಲ್ಲುವ ಗುಂಡು ಮಾಡಿದಂತಾಗುವುದಿಲ್ಲ. ನಾನು ಮಾಡಿದ್ದು ಕಾಗದದ ಗುಂಡು. ಅವರು ಅದನ್ನು ಯಾತಕ್ಕೆ ಬಳಸಿದರೂ ಪಾಪ ಅವರದು. ಶೈಲಾ ಕೇಳಿದರೆ ಮುಖ ಕೊಟ್ಟು ಹೇಳಬಹುದು, ಷರತ್ತು ಮುರಿದಿಲ್ಲ ಎಂದು. ನನ್ನ ಮಡಿ ಕೆಡದಿರಲಿ ಎಂದು ನಾನು ಒಂದು ಜೀವ ನರಳಿ ಸಾಯುವ ದಾರಿ ಮಾಡಿದೆ. ಮಾಂಸ ತಿನ್ನುವ ಯಾವ ಮನುಷ್ಯನೂ ಇಂಥ ತಪ್ಪು ಮಾಡುತ್ತಿರಲಿಲ್ಲ. ಇದು ಮಾಂಸ ತಿನ್ನದ, ಅದಕ್ಕಾಗಿ ಒಳಗೊಳಗೇ ಬೀಗುವ ನನ್ನಂಥವನೇ ಮಾಡಬಲ್ಲ ತಪ್ಪು.

ಒಯ್ದು ಕೊಟ್ಟಾಗ ಅಂಕಲ್ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಮೂತಿಯಲ್ಲಿ ಸೀಸವಿಲ್ಲ, ಸಣ್ಣ ತೂತಿದೆ. ಇದು ನಾನು ಕೊಟ್ಟದ್ದಲ್ಲವಲ್ಲ ಎಂದರು. ಅವು ಚದುರುತ್ತವೆ, ಇವು ಒಂದರ ಮೇಲೊಂದು ಬೀಳುತ್ತವೆ ಎಂದು ನಾನು ರೇಂಜಿನ ಕಾಗದವನ್ನೇ ಬಿಡಿಸಿ ತೋರಿಸಿದೆ. ಅವರು ಕಾಗದ ನೋಡಿದರು, ಗುಂಡು ನೋಡಿದರು, ಆಮೇಲೆ ನನ್ನನ್ನು ನೋಡಿದರು.

‘ಶಿವಾ, ಇದು ಪ್ರಾಣಿಗೆ ಆಗ್ತದಾ? ಸರಿ ನೋಡಿ ಹೇಳು ಮಾರಾಯ. ಪ್ರಾಣಿ ನರಳ್ಬಾರ್ದು.’

‘ಆಗತಾವ್ರಿ ಅಂಕಲ್. ಚಿಂತಿ ಮಾಡಬ್ಯಾಡ್ರಿ’ ಎಂದೆ.

ಲ್ಯಾಬಿನವನು ಹೇಳಿದ್ದಾನೆ, ಇನ್ನೇನು ಬೇಕು? ನಂಬಿದರು. ನಾನೂ ಬರುತ್ತೇನೆ ಎಂದೆ. ಹೊಡೆಯಲು ಅಲ್ಲ, ನೋಡಲು. ಶೈಲಾಗೆ ಬೆಟ್ಟದ ಕಡೆ ಸುತ್ತಾಡಿ ಬರುತ್ತೇವೆ ಎಂದು ಹೇಳಿ ಹೊರಟೆ. ನೋಡುವ ಆಸೆ ಯಾತಕ್ಕೆ ಬಂತು? ನನ್ನ ಗುಂಡಿನ ನಿಖರತೆಯನ್ನು ನೋಡುವ ಆಸೆ, ಅಷ್ಟೇ. ಅದರ ಎದುರು ತುದಿಯಲ್ಲಿ ಒಂದು ಪ್ರಾಣಿ ಇರುತ್ತದೆ ಎಂಬುದು ನನ್ನ ತಲೆಯಲ್ಲಿ ಇರಲೇ ಇಲ್ಲವೇನೋ.

ಬೆಳಗಿನ ಹೊತ್ತು, ಎಲೆ ಉದುರಿದ ಓಕ್ ಮರಗಳ ನಡುವೆ, ಒಂದು ಬಿದ್ದ ಮರಕ್ಕೆ ಒರಗಿ ಕೂತಿದ್ದೆವು. ಅಂಕಲ್ ಗಂಟೆಗಟ್ಟಲೆ ಅಲುಗಲಿಲ್ಲ. ನನಗೆ ಕಾಲು ಜೋಮು ಹಿಡಿದು ಸಾಕಾಗಿ ಹೋಗಿತ್ತು. ಆಮೇಲೆ ಅದು ಬಂತು. ಗಂಡು ಜಿಂಕೆ, ಕೋಡು ಇನ್ನೂ ಸಣ್ಣವು. ಬಯಲಿನ ಅಂಚಿನಲ್ಲಿ ಮಗ್ಗುಲು ತೋರಿಸಿ ನಿಂತಿತು. ನಾನು ದುರ್ಬೀನು ಕಣ್ಣಿಗೆ ಹಿಡಿದೆ. ಅಂಕಲ್ ಮೊಣಕೈಯನ್ನು ಮರದ ಮೇಲೆ ಊರಿದರು. ಪಕ್ಕದಲ್ಲೇ ಇದ್ದೆನಲ್ಲ, ಅವರ ಕೈ ನನ್ನ ಕಣ್ಣಂಚಿನಲ್ಲೇ ಇತ್ತು. ಕಲ್ಲಿನ ಹಾಗೆ ನಿಶ್ಚಲ. ಈಡು ಹಾರಿತು. ದುರ್ಬೀನಿನಲ್ಲಿ ಭುಜದ ಮೇಲೆ, ಎಲ್ಲಿ ಬೀಳಬೇಕೋ ಅಲ್ಲಿಯೇ, ರೋಮ ಚಿಮ್ಮಿದ್ದು ಕಾಣಿಸಿತು. ಜಿಂಕೆ ಮುಗ್ಗರಿಸಿತು, ಬೀಳುತ್ತದೆ ಎಂದುಕೊಂಡೆ... ಎದ್ದಿತು. ಮುಂಗಾಲೊಂದನ್ನು ಎತ್ತಿಕೊಂಡು, ಮೂರು ಕಾಲಿನಲ್ಲಿ ಮರಗಳೊಳಗೆ ಓಡಿತು.

ಅಂಕಲ್ ಸ್ವಲ್ಪ ಹೊತ್ತು ಕೂತೇ ಇದ್ದರು. ಕೂಡಲೇ ಬೆನ್ನಟ್ಟಿದರೆ ಹೆದರಿ ಇನ್ನೂ ದೂರ ಹೋಗುತ್ತದೆ, ಕಾಯಬೇಕು ಎಂದರು. ಆಮೇಲೆ ಹುಡುಕಿದೆವು. ಮೊದಲು ಎಲೆಗಳ ಮೇಲೆ ರಕ್ತದ ಹನಿಗಳಿದ್ದವು, ಮುಂದೆ ವಿರಳವಾದವು, ಹಳ್ಳದ ಕಡೆಗಿನ ಇಳಿಜಾರಿನಲ್ಲಿ ಏನೂ ಇಲ್ಲ. ಆ ವಯಸ್ಸಿನಲ್ಲಿ ಅವರು ಮಂಡಿಯೂರಿ ಒಂದೊಂದು ಎಲೆ ತಿರುಗಿಸಿ ನೋಡಿದರು. ಊಟವಿಲ್ಲ, ನೀರಿಲ್ಲ. ಬೆಳಕು ಕಂದುವವರೆಗೆ ಹುಡುಕಿದೆವು. ಡೇಲ್ ಬಂದು, ನಾಳೆ ನಾನು ನೋಡುತ್ತೇನೆ, ಸಿಕ್ಕರೆ ತಿಳಿಸುತ್ತೇನೆ ಎಂದ. ಅಂಕಲ್ ವ್ಯಾನು ಓಡಿಸುವಾಗ ಫೋನು ತೆಗೆಯುವುದಿಲ್ಲವೆಂದು ನಾನು ನನ್ನ ನಂಬರು ಕೊಟ್ಟೆ. ವ್ಯಾನಿನ ಹತ್ತಿರ ಬಂದಾಗ ಅಂಕಲ್ ಕೈಗವಸು ತೆಗೆದು ತಮ್ಮ ಬಲಗೈಯನ್ನು ನೋಡಿಕೊಂಡರು, ಯಾರದೋ ಕೈ ನೋಡುವ ಹಾಗೆ.

‘ಕೈ ತಪ್ಪಿತು ಶಿವಾ. ಪ್ರಾಯ ಆಯ್ತು.’

ಆಗ ಹೇಳಬಹುದಿತ್ತು. ಅಲ್ಲೇ, ವ್ಯಾನಿನ ಬಾಗಿಲು ತೆರೆದಿರುವಾಗಲೇ. ಕೈ ತಪ್ಪಿಲ್ಲ, ಗುಂಡು ತಪ್ಪು ಎನ್ನಲು ಎಷ್ಟು ಉಸಿರು ಬೇಕು? ನಾನು ಸೀಟು ಬೆಲ್ಟು ಹಾಕಿಕೊಂಡೆ.

ಮುಂದಿನ ಭಾನುವಾರ ಫ್ಲೋರಲ್ ಪಾರ್ಕಿಗೆ ಹೋಗಿದ್ದೆ. ಅಂಕಲ್ ಚರ್ಚಿಗೆ ಹೋಗಿದ್ದರು. ರೋಶನ್ ಬಂದಿದ್ದ, ಅಡುಗೆಮನೆಯಲ್ಲಿ ಆಂಟಿಯ ಜೊತೆ ಇದೇ ಮಾತು. ಹಿಂದಿನ ಬೇಸಿಗೆಯಲ್ಲಿ ಕ್ರಾಸ್ ಐಲೆಂಡ್ ಪಾರ್ಕ್‌ವೇ ಹೆದ್ದಾರಿಯ ಮೇಲೆ ವ್ಯಾನಿನ ಕನ್ನಡಿ ಯಾರದೋ ಕಾರಿಗೆ ಉಜ್ಜಿತ್ತು. ಯಾರದು ತಪ್ಪೆಂದು ಗೊತ್ತಾಗಿರಲಿಲ್ಲ. ಅಂದಿನಿಂದ ಅವನು ಅಪ್ಪನ ಡ್ರೈವಿಂಗ್ ನಿಲ್ಲಿಸಲು ಒಂದು ಕಾರಣ ಹುಡುಕುತ್ತಿದ್ದ. ಕೆಟ್ಟ ಹುಡುಗನಲ್ಲ, ಹೆದರಿದ ಮಗ. ಇಷ್ಟು ಹತ್ತಿರದ ಜಿಂಕೆ ಅಪ್ಪನಿಗೆ ತಪ್ಪಿದ್ದು ಇದೇ ಮೊದಲೆಂದು ಆಂಟಿ ಹೇಳಿದರು. ಅವನು ನನ್ನ ಕಡೆ ತಿರುಗಿದ.

‘ಅಂಕಲ್, ಬಿ ಆನೆಸ್ಟ್ ವಿತ್ ಮಿ. ಇಟ್ಸ್ ಹಿಸ್ ಹ್ಯಾಂಡ್ಸ್, ರೈಟ್?’

ಇಲ್ಲವೆಂದರೆ ಮುಂದಿನ ಪ್ರಶ್ನೆ ಬರುತ್ತದೆ — ಹಾಗಾದರೆ ಏನಾಯಿತು? ಅದಕ್ಕೆ ಉತ್ತರ ನನ್ನ ಬೇಸ್‌ಮೆಂಟಿನಲ್ಲಿತ್ತು. ಅದು ಶೈಲಾಳ ಕಿವಿಗೂ ಹೋಗುತ್ತದೆ. ಇಷ್ಟೆಲ್ಲ ಕ್ಷಣಾರ್ಧದಲ್ಲಿ ಹೊಳೆಯಿತು. ಹೆದರಿದವನ ತಲೆ ಎಷ್ಟು ಚುರುಕು!

‘ಐ ಸಾ ಇಟ್ ಶೇಕ್’ ಎಂದೆ.

ಆಂಟಿ ಒಲೆಯ ಕಡೆ ಮುಖ ಮಾಡಿ ನಿಂತರು. ರೋಶನ್ ನನ್ನ ಭುಜ ತಟ್ಟಿ ಥ್ಯಾಂಕ್ಸ್ ಹೇಳಿದ. ಅಂಕಲ್ ಚರ್ಚಿನಿಂದ ಬಂದು, ನನ್ನನ್ನು ನೋಡಿ ಖುಷಿಯಾಗಿ, ಊಟ ಮಾಡಿಯೇ ಹೋಗಬೇಕೆಂದು ಹಟ ಹಿಡಿದರು. ನನಗೆಂದು ಬೇರೆ ಪಾತ್ರೆಯಲ್ಲಿ ಬೀನ್ಸ್ ಪಲ್ಯ ಮಾಡಿಸಿದರು. ತಿಂದೆ, ಎರಡು ಸಲ ಬಡಿಸಿಕೊಂಡೆ.

ಇಲ್ಲಿಗೆ ನಿಂತಿದ್ದರೂ ಹೆದರಿಕೆಯಲ್ಲಿ ಬಾಯಿತಪ್ಪಿ ಬಂದ ಸುಳ್ಳು ಎನ್ನಬಹುದಿತ್ತು. ಆ ವಾರದೊಳಗೇ ಡೇಲ್ ಫೋನ್ ಮಾಡಿದ. ನಾನು ಲ್ಯಾಬಿನ ಕಾರಿಡಾರಿನಲ್ಲಿ ನಿಂತು ಕೇಳಿದೆ. ಜಿಂಕೆ ಸಿಕ್ಕಿದೆ, ಹಳ್ಳದ ಆಚೆ ಸತ್ತು ಬಿದ್ದಿತ್ತು, ಮಾಂಸ ಕೆಟ್ಟುಹೋಗಿದೆ ಎಂದ. ಈಡು ಬೀಳಬೇಕಾದಲ್ಲೇ ಬಿದ್ದಿದೆ, ಗುಂಡು ಮಾತ್ರ ಭುಜದ ಎಲುಬಿನ ಮೇಲೇ ಪುಡಿಯಾಗಿ ಒಳಗಿಳಿದಿಲ್ಲ, ಎಂಥ ಗುಂಡು ಹಾಕಿದ್ದಿರಿ ನೀವು ಎಂದು ಕೇಳಿದ. ನಾನು ಗೊತ್ತಿಲ್ಲ ಎಂದೆ. ಮುದುಕನಿಗೆ ಹೇಳು, ಒಳ್ಳೆಯ ಹೊಡೆತ ಅದು, ಸುಮ್ಮನೆ ಕೊರಗುತ್ತ ಕೂರುವುದು ಬೇಡ ಎಂದ. ಹೇಳುತ್ತೇನೆ ಎಂದೆ.

ಹೇಳಲಿಲ್ಲ.

ಆ ಒಂದು ಮಾತು ಅವರದ್ದು. ಅವರಿಗೆ ಸೇರಬೇಕಾದದ್ದು. ಅದನ್ನು ನಾನು ವರ್ಷಗಟ್ಟಲೆ ನನ್ನ ಬಳಿ ಇಟ್ಟುಕೊಂಡೆ. ಮೊದಮೊದಲು ನಾಳೆ ಹೇಳಿದರಾಯಿತು ಎನ್ನುತ್ತಿದ್ದೆ. ಅಷ್ಟರಲ್ಲಿ ಕ್ರಿಸ್ಮಸ್ ಬಂತು. ಅವತ್ತು ಊಟವಾದ ಮೇಲೆ ಅಂಕಲ್ ತಾವಾಗಿಯೇ ವ್ಯಾನಿನ ಕೀಲಿಯನ್ನು ರೋಶನ್ ಕೈಗೆ ಕೊಟ್ಟರಂತೆ. ಶಿವನೇ ನೋಡಿದ್ದಾನಂತಲ್ಲ, ಇನ್ನು ಯಾರದಾದರೂ ಮಗುವಿಗೆ ತಾಗಿಸುವುದು ಬೇಡ ಎಂದರಂತೆ. ರೈಫಲ್ಲನ್ನು ರೋಶನ್ ಅಂಗಡಿಗೆ ಮಾರಿದ. ಇದನ್ನೆಲ್ಲ ಆಂಟಿ ನನಗೆ ಫೋನಿನಲ್ಲಿ ಹೇಳಿದರು. ಇನ್ನೊಂದು ಮಾತನ್ನೂ ಹೇಳಿದರು. ಆ ಜಿಂಕೆಯ ವಿಷಯ ಅಂಕಲ್ ಚರ್ಚಿನಲ್ಲಿ ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿಕೊಂಡು ಬಂದಿದ್ದರು, ತನ್ನ ಅಹಂಕಾರದಿಂದ ಒಂದು ಪ್ರಾಣಿ ನರಳಿತು, ಕೈ ಕೇಳದ ವಯಸ್ಸಿನಲ್ಲಿ ಬಂದೂಕು ಹಿಡಿಯಬಾರದಿತ್ತು ಎಂದು.

ನನ್ನ ಪಾಪವನ್ನು ಅವರು ಹೋಗಿ ಹೇಳಿಕೊಂಡರು. ಫೋನ್ ಕೆಳಗಿಟ್ಟು ನಾನು ಬೇಸ್‌ಮೆಂಟಿಗೆ ಇಳಿದೆ. ಮೇಜಿನ ಮೇಲೆ ಕೈಯಿಟ್ಟು ನಿಂತಿದ್ದೆ ಅಷ್ಟೇ. ಅಳು ಬರಲಿಲ್ಲ. ಸಿಟ್ಟು ಬಂತು — ಅವರ ಮೇಲೆ! ಇಷ್ಟು ಒಳ್ಳೆಯವರಾಗುವುದು ಏನು ಬೇಕಾಗಿತ್ತು ಇವರಿಗೆ ಎಂದು. ಅಂಥ ಮನುಷ್ಯ ನಾನು.

ಆಮೇಲಿನ ವರ್ಷಗಳನ್ನು ಏನೆಂದು ಬರೆಯಲಿ. ಕೂಟಗಳಿಗೆ ಅಂಕಲ್ ಬಂದು ಹೋಗುವುದು ಯಾರದಾದರೂ ಕಾರಿನ ಹಿಂದಿನ ಸೀಟಿನಲ್ಲಿ. ಡಯಾಲಿಸಿಸ್‌ಗೆ ಅವರನ್ನು ನೆಚ್ಚಿಕೊಂಡಿದ್ದವರು ಬೇರೆ ದಾರಿ ಹುಡುಕಿಕೊಂಡರು. ಯಾರೋ ಒಬ್ಬರು ತಮಾಷೆಗೆ, ಅಂಕಲ್ ಕೈಗೆ ಪಾಯಸದ ಬಟ್ಟಲು ಕೊಡಬೇಡಿ, ಜಿಂಕೆಗೆ ಆದದ್ದೇ ಅದಕ್ಕೂ ಆದೀತು ಎಂದರು. ಎಲ್ಲರೂ ನಕ್ಕರು. ಅಂಕಲ್ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ಹಲ್ಲು ಕಿರಿದೆ. ಮನೆಗೆ ಬರುವಾಗ ಟರ್ನ್‌ಪೈಕ್ ಹೆದ್ದಾರಿಯಲ್ಲಿ ನಾನು ಇಳಿಯಬೇಕಾದ ಎಕ್ಸಿಟ್ ದಾಟಿ ಎಷ್ಟೋ ಮುಂದೆ ಹೋಗಿಬಿಟ್ಟಿದ್ದೆ. ಶೈಲಾ ನಿದ್ದೆ ಬರುತ್ತಿದೆಯೇ ಎಂದು ಕೇಳಿದಳು, ಹೂಂ ಅಂದೆ.

ನಾನು ರೇಂಜಿಗೆ ಹೋಗುವುದನ್ನು ಬಿಟ್ಟೆ. ಅದೇನು ಪ್ರಾಯಶ್ಚಿತ್ತವಲ್ಲ. ಕಾಗದದ ಮೇಲಿನ ತೂತುಗಳನ್ನು ನೋಡಲು ಆಗುತ್ತಿರಲಿಲ್ಲ.

ಕಳೆದ ಶನಿವಾರ ಹೋಗಿ ಹೇಳಿದೆ. ಯಾಕೆ ಈಗ? ಅಂಕಲ್ ಸಣ್ಣಗಾಗಿದ್ದಾರೆ ಎಂದು ಯಾರೋ ಹೇಳಿದರು. ಅವರು ಹೋಗಿಬಿಟ್ಟರೆ ಈ ಮಾತು ನನ್ನಲ್ಲೇ ಉಳಿಯುತ್ತದೆ ಎಂಬ ದಿಗಿಲು. ಅದೂ ಸ್ವಾರ್ಥವೇ. ಹಿತ್ತಲಿನಲ್ಲಿ ಬಸಳೆಯ ಚಪ್ಪರದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಹಾ ಕುಡಿಯುವಾಗ ನೋಡಿದೆ — ಅವರ ಕೈ ಈಗ ನಿಜವಾಗಿಯೂ ನಡುಗುತ್ತದೆ. ನಾನು ಹೇಳಿದ ಸುಳ್ಳು ಇಷ್ಟು ವರ್ಷ ಅವರ ಪಕ್ಕದಲ್ಲಿ ಕೂತು ಕೂತು ನಿಜವಾಗಿದೆ. ಈಗ ಆ ಕೀಲಿಯನ್ನು ಮರಳಿ ಕೊಟ್ಟರೂ ಅವರು ವ್ಯಾನು ಓಡಿಸಲಾರರು.

ಹೇಳಿದೆ. ಡಬ್ಬಿಯ ಮೇಲಿನ ಬರಹದಿಂದ ಹಿಡಿದು ಡೇಲ್‌ನ ಫೋನಿನವರೆಗೆ. ಮಡಿಯ ಮಾತನ್ನೂ ಹೇಳಿದೆ. ನಡುವೆ ಅವರು ಬಸಳೆಯ ಒಣಗಿದ ಎಲೆಯೊಂದನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಇಲ್ಲವೇ ಇರಲಿ ಬಿಡು ಎನ್ನುತ್ತಾರೆ ಎಂದು... ಆಸೆಪಟ್ಟಿದ್ದೆ. ಎರಡೂ ಆಗಲಿಲ್ಲ.

‘ಅದಕ್ಕೆ ಜೀವ ಹೋಗ್ಲಿಕ್ಕೆ ಎಷ್ಟು ಹೊತ್ತು ಹಿಡೀತು?’ ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಡೇಲ್‌ನ ಹತ್ತಿರ ಕೇಳಲಿಲ್ಲವಾ ಎಂದರು. ಕೇಳಿರಲಿಲ್ಲ. ಇಷ್ಟು ವರ್ಷ ಅಂಕಲ್ ಬಗ್ಗೆ ಕೊರಗಿದ್ದೆ, ನನ್ನ ಬಗ್ಗೆ ಕೊರಗಿದ್ದೆ, ಶೈಲಾಗೆ ತಿಳಿದರೆ ಏನು ಗತಿ ಎಂದು ನಿದ್ದೆಗೆಟ್ಟಿದ್ದೆ. ಜಿಂಕೆ ಎಷ್ಟು ಹೊತ್ತು ನರಳಿತು ಎಂಬ ಪ್ರಶ್ನೆ, ಇರುವೆಯನ್ನೂ ತುಳಿಯದಂತೆ ಬೆಳೆಸಲಾದ ನನಗೆ, ಒಮ್ಮೆಯೂ ಬಂದಿರಲಿಲ್ಲ. ಕೊಂದು ತಿನ್ನುವವರು ಅದನ್ನೇ ಮೊದಲು ಕೇಳಿದರು.

ಏಳುವ ಹೊತ್ತಿಗೆ ಅವರು ಹೇಳಿದ್ದು ಇಷ್ಟು: ‘ರೋಶನ್‌ಗೆ ನೀನೇ ಹೇಳು. ನಾನು ಹೇಳಿದ್ರೆ ಮುದುಕ ನೆವ ಹೇಳ್ತಾನೆ ಅಂತಾನೆ.’

ನಾಳೆ ಭಾನುವಾರ. ರೋಶನ್ ಬರುತ್ತಾನೆ, ನಾನೂ ಹೋಗುತ್ತೇನೆ. ಅದೇ ಅಡುಗೆಮನೆಯಲ್ಲಿ, ಆಂಟಿ ಇರುವಾಗ, ಅಂಕಲ್ ಎದುರಿನಲ್ಲೇ ಹೇಳುತ್ತೇನೆ. ಹೊರಡುವ ಮೊದಲು ಶೈಲಾಗೆ ಹೇಳುತ್ತೇನೆ. ಅವಳೂ ಬರುತ್ತೇನೆಂದರೆ ಬರಲಿ. ಕ್ಷಮೆ ಸಿಗುತ್ತದೆಂದು ಹೋಗುವುದಲ್ಲ. ಕೊಡುವುದಕ್ಕೆ ಅವರಲ್ಲಿ ಏನನ್ನು ಉಳಿಸಿದ್ದೇನೆ ನಾನು?

ಆದರೆ ರೋಶನ್‌ಗೆ ಹೇಳುವುದಕ್ಕಿಂತ ಮೊದಲು ಅಂಕಲ್‌ಗೆ ಇನ್ನೊಂದು ಮಾತು ಹೇಳಬೇಕಾಗಿದೆ. ಇವತ್ತು ಮಧ್ಯಾಹ್ನ ಡೇಲ್‌ಗೆ ಫೋನ್ ಮಾಡಿ ಕೇಳಿದೆ. ಅವನಿಗೆ ನೆನಪಿತ್ತು. ನೀವು ಹೊರಟುಹೋದ ಮೇಲೆ ರಾತ್ರಿ ಹಿಮ ಬಿತ್ತಲ್ಲ, ಹೆಜ್ಜೆಗಳೆಲ್ಲ ಆ ಹಿಮದ ಮೇಲಿದ್ದವು ಎಂದ. ಮೂರು ಕಾಲಿನ ಹೆಜ್ಜೆ. ಅಲ್ಲಲ್ಲಿ ಮಲಗಿದ ಗುರುತು, ಮತ್ತೆ ಎದ್ದು ನಡೆದ ಗುರುತು. ನಾವು ಹುಡುಕುವುದನ್ನು ಬಿಟ್ಟು ಹೊರಟಾಗ ಅದು ಎಲ್ಲೋ ಹತ್ತಿರದಲ್ಲೇ ಬದುಕಿತ್ತು.